ಡಾಕ್ಟರು ಚೀಟಿ ಕೊಡಲಿಲ್ಲ, ಅಂಗಡಿಯಲ್ಲಿ ಮಾತ್ರೆ ಇಲ್ಲ: ಈಗೇನು?

ಪ್ರಶ್ನೆ: ನ್ಯೂಯಾರ್ಕಿನಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ಇಲ್ಲಿನ ಡಾಕ್ಟರು ಕೈಗೆ ಚೀಟಿಯೇ ಕೊಡಲಿಲ್ಲ. "ಯಾವ ಫಾರ್ಮಸಿ?" ಅಂತ ಕೇಳಿ ಕಂಪ್ಯೂಟರಿನಲ್ಲೇ ಕಳಿಸಿಬಿಟ್ಟರು. ಅಲ್ಲಿಗೆ ಹೋದರೆ ಮಾತ್ರೆ ಸ್ಟಾಕ್ ಇಲ್ಲ. ಬೇರೆ ಅಂಗಡಿಯಲ್ಲಿ ತಗೊಳ್ಳೋದು ಹೇಗೆ?

ಉತ್ತರ: ಮೊದಲು ಬೇರೆ ಎರಡು ಮೂರು ಫಾರ್ಮಸಿಗೆ ಫೋನ್ ಮಾಡಿ, ಮಾತ್ರೆ ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿ, ಹಳೆಯದನ್ನು ರದ್ದು ಮಾಡಿ ಹೊಸ ಅಂಗಡಿಗೆ ಕಳಿಸಲು ಹೇಳಿ. ಶುಕ್ರವಾರ ಸಂಜೆಯಾಗಿದ್ದರೆ ಕಷ್ಟ, ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವವರೇ ಇರುವುದಿಲ್ಲ. ಆಗ ಅಂಗಡಿಯಿಂದ ಅಂಗಡಿಗೆ ವರ್ಗಾಯಿಸಲು ಆಗುತ್ತದಾ ಅಂತ ಫಾರ್ಮಸಿಸ್ಟರನ್ನೇ ಕೇಳಿ. ಕಟ್ಟುನಿಟ್ಟಿನ ನಿಯಂತ್ರಣವಿರುವ ನೋವಿನ ಮಾತ್ರೆಗಳಿಗೂ ಅಮೆರಿಕದ ಕೇಂದ್ರ ಸರ್ಕಾರದ ನಿಯಮ 2023ರ ಆಗಸ್ಟ್‌ನಿಂದ ಇದಕ್ಕೆ ಅವಕಾಶ ಕೊಟ್ಟಿದೆ. ಆದರೆ ಒಂದೇ ಸಲ, ಅದೂ ಆ ರಾಜ್ಯದ ಕಾನೂನು ಒಪ್ಪಿದರೆ.

ಇಷ್ಟೆಲ್ಲಾ ತಲೆನೋವು ಯಾಕೆ ಅಂದರೆ, ಅಫೀಮಿನ ಜಾತಿಯ ನೋವಿನ ಮಾತ್ರೆಗಳಿಂದ. ಅಮೆರಿಕದಲ್ಲಿ ಅವುಗಳ ಚಟ ಹಬ್ಬಿದಾಗ ಡಾಕ್ಟರ ಚೀಟಿ ಪುಸ್ತಕವೇ ಕಳ್ಳಮಾಲಾಯಿತು. ಪುಸ್ತಕ ಕದ್ದು ಸಹಿ ನಕಲು ಮಾಡುತ್ತಿದ್ದರು. 30 ಮಾತ್ರೆ ಅಂತ ಬರೆದಿದ್ದರೆ 3ಕ್ಕೆ ಒಂದು ಗೀಟು ಸೇರಿಸಿ 80 ಮಾಡುವುದು ಎಷ್ಟು ಹೊತ್ತಿನ ಕೆಲಸ ಹೇಳಿ! ಅದಕ್ಕೇ ನ್ಯೂಯಾರ್ಕ್ 2012ರಲ್ಲಿ ಕಾನೂನು ಮಾಡಿತು. 2016ರ ಮಾರ್ಚ್ 27ರಿಂದ ಸಾಧಾರಣ ಮಾತ್ರೆಗಳೂ ಸೇರಿ ಎಲ್ಲವೂ ಕಂಪ್ಯೂಟರ್ ಮೂಲಕವೇ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಇಂಥದೇ ನಿಯಮ 2022ರ ಜನವರಿಯಿಂದ ಇದೆ. ನಿಯಂತ್ರಿತ ಔಷಧಿಗಾದರೆ ಡಾಕ್ಟರಿಗೆ ಬರೀ ಪಾಸ್‌ವರ್ಡ್ ಸಾಲದು. ಬೆರಳಚ್ಚೋ, ಕ್ಷಣಕ್ಕೊಂದು ಸಂಖ್ಯೆ ತೋರಿಸುವ ಪುಟ್ಟ ಸಾಧನವೋ ಜೊತೆಗೆ ಬೇಕು.

ಕಾನೂನು ಒಳ್ಳೆಯದೇ. ಅರ್ಥವಾಗದ ಕೈಬರಹವೂ ತಪ್ಪಿತು. ಆದರೆ ಕಾಗದ ಕೈಯಲ್ಲಿದ್ದಾಗ ರೋಗಿ ನಾಲ್ಕು ಅಂಗಡಿ ತಿರುಗಿ, ಬೆಲೆ ಕೇಳಿ, ಬೇಕಾದ ಕಡೆ ಕೊಳ್ಳುತ್ತಿದ್ದ. ಕಳ್ಳರನ್ನು ತಡೆಯಲು ಹೋಗಿ ಆ ಸ್ವಾತಂತ್ರ್ಯವೂ ಹೋಯಿತು, ಅಲ್ವಾ?

ಕಾಗದದ ಚೀಟಿ ಪೂರ್ತಿ ಸತ್ತಿಲ್ಲ. ಕರೆಂಟೋ ನೆಟ್‌ವರ್ಕೋ ಕೈಕೊಟ್ಟರೆ ಡಾಕ್ಟರು ಬರೆದು ಕೊಡಬಹುದು. ಆ ಚೀಟಿ ಯಾಕೆ ಕಾಗದದಲ್ಲಿದೆ ಎಂದು ನ್ಯೂಯಾರ್ಕಿನ ಫಾರ್ಮಸಿಸ್ಟ್ ತನಿಖೆ ಮಾಡಬೇಕಾಗಿಲ್ಲ.

ಊರಿನ ಡಾಕ್ಟರು ಬರೆದ ಚೀಟಿ ಹಿಡಿದು ಮಾತ್ರ ಹೋಗಬೇಡಿ, ಅಲ್ಲಿ ನಡೆಯುವುದಿಲ್ಲ. ಅದನ್ನು ಅಲ್ಲಿನ ಡಾಕ್ಟರಿಗೆ ತೋರಿಸಿ. ಮುಂದಿನ ಸಲ ಅವರು "ಯಾವ ಫಾರ್ಮಸಿ?" ಅಂದಾಗ ಅಲ್ಲೇ ಕೂತು ಅಂಗಡಿಗೊಂದು ಫೋನ್ ಮಾಡಿ, ಸ್ಟಾಕ್ ಕೇಳಿ, ಆಮೇಲೆ ಹೆಸರು ಹೇಳಿ.