ಮೆಕಾನೆಲ್ ಎದುರು ನಿಲ್ಲೋರು ಯಾರು?

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಆರು ವರ್ಷಕ್ಕೊಮ್ಮೆ ಒಂದೇ ಪ್ರಶ್ನೆ ಏಳುತ್ತಿತ್ತು. ಈ ಸಲ ಮಿಚ್ ಮೆಕಾನೆಲ್ ಎದುರು ಯಾರು? ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಅವರ ಸೀಟಿಗೆ 1984ರಿಂದ 2020ರವರೆಗೆ ಏಳು ಚುನಾವಣೆ ನಡೆದವು, ಏಳರಲ್ಲೂ ರಿಪಬ್ಲಿಕನ್ ಪಕ್ಷದ ಅವರೇ ಗೆದ್ದರು. 2025ರ ಫೆಬ್ರವರಿ 20ರಂದು, ತಮ್ಮ 83ನೇ ಹುಟ್ಟುಹಬ್ಬದ ದಿನ, ಇನ್ನು ನಿಲ್ಲುವುದಿಲ್ಲ ಎಂದು ತಾವಾಗೇ ಹೇಳಿದರು. ಕೊನೆಗೂ ಅವರನ್ನು ಯಾರೂ ಸೋಲಿಸಲಿಲ್ಲ. ಆದರೆ ಸೋಲಿಸಲು ಹೋದವರ ಕಥೆ ಅವರ ಗೆಲುವಿನ ಕಥೆಗಿಂತ ಜಾಸ್ತಿ ಸ್ವಾರಸ್ಯವಾಗಿದೆ.

ಮೊದಲು ಒಂದು ಮಾತು. ಸೆನೆಟ್ ಅಂದರೆ ನಮ್ಮ ರಾಜ್ಯಸಭೆ ಥರ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅಲ್ಲೂ ಮೊದಲು ಸೆನೆಟರ್‌ಗಳನ್ನು ರಾಜ್ಯದ ಶಾಸಕರೇ ಆರಿಸುತ್ತಿದ್ದರು. 1913ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಬಂತು, ಆಮೇಲೆ ಜನರೇ ನೇರವಾಗಿ ಆರಿಸುತ್ತಿದ್ದಾರೆ. ಇಡೀ ರಾಜ್ಯವೇ ಒಂದು ಕ್ಷೇತ್ರ. ಬಿ ಫಾರಂ ಹಂಚುವ ಹೈಕಮಾಂಡ್ ಅಲ್ಲಿಲ್ಲ, ಪಕ್ಷದ ಅಭ್ಯರ್ಥಿ ಯಾರೆಂದು ಪ್ರೈಮರಿಯಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ಕಾಗದದ ಮೇಲೆ ಹಾಗೆ. ವಾಷಿಂಗ್ಟನ್‌ನಲ್ಲಿ ಕೂತ ಪಕ್ಷದ ಸಮಿತಿ 'ಇವರು ನಮ್ಮವರು' ಎಂದು ಬೆನ್ನು ತಟ್ಟಿದರೆ ದುಡ್ಡು ಆ ಕಡೆಗೇ ಹರಿಯುತ್ತದೆ.

1984ರಲ್ಲಿ ಎದುರಾಳಿಯಾಗಿ ನಿಂತಿದ್ದವರು ಮೆಕಾನೆಲ್ ಅವರೇ. ಆಗ ಸೆನೆಟರ್ ಆಗಿದ್ದವರು ಡೆಮಾಕ್ರಟಿಕ್ ಪಕ್ಷದ ಡೀ ಹಡಲ್‌ಸ್ಟನ್. ಎರಡು ಅವಧಿ ಮುಗಿಸಿದ್ದ, ಯಾರಿಗೂ ಅಷ್ಟಾಗಿ ಬೇಡವಾಗದ ಮನುಷ್ಯ. ಮೆಕಾನೆಲ್ ತಂಡ ಟಿವಿಯಲ್ಲಿ ಒಂದು ಜಾಹೀರಾತು ಬಿಟ್ಟಿತು. ಒಬ್ಬ ಮನುಷ್ಯ ಬೇಟೆನಾಯಿಗಳ ಹಗ್ಗ ಹಿಡಿದು ಏದುಸಿರು ಬಿಡುತ್ತಾ ಓಡುತ್ತಾನೆ. ನಾಯಿಗಳು ನೆಲ ಮೂಸುತ್ತವೆ. ಹುಡುಕುತ್ತಿರುವುದು ಹಡಲ್‌ಸ್ಟನ್ ಅವರನ್ನ! ಸದನದಲ್ಲಿ ಮತ ಹಾಕುವುದು ಬಿಟ್ಟು ಸಂಭಾವನೆ ತಗೊಂಡು ಭಾಷಣ ಮಾಡಲು ಹೋಗಿದ್ದಾರೆ ಅನ್ನುವುದು ಆರೋಪ. ಜನ ನಕ್ಕರು. ಅವರದೇ ಪಕ್ಷದ ಅಧ್ಯಕ್ಷ ರೇಗನ್ ಅಲೆಯೂ ಜೊತೆಗೆ ಸೇರಿತು. 12 ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಸುಮಾರು 5 ಸಾವಿರದ ಅಂತರದಿಂದ ಮೆಕಾನೆಲ್ ಗೆದ್ದರು. ಗಟ್ಟಿಯಾಗಿ ಕೂತವರನ್ನು ಅಲುಗಾಡಿಸುವುದು ಹೇಗೆ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ತಮ್ಮನ್ನು ಹಾಗೆ ಅಲುಗಾಡಿಸಲು ಯಾರಿಗೂ ಜಾಗ ಕೊಡಲಿಲ್ಲ.

ಮುಂದಿನ ಇಪ್ಪತ್ತೈದು ವರ್ಷವನ್ನು ಬೇಗ ದಾಟಿಬಿಡಬಹುದು. 1990ರಲ್ಲಿ ಲೂಯಿವಿಲ್‌ನ ಮಾಜಿ ಮೇಯರ್ ಹಾರ್ವಿ ಸ್ಲೋನ್, 1996ರಲ್ಲಿ ಸ್ಟೀವ್ ಬೆಶಿಯರ್, 2002ರಲ್ಲಿ ಲೋಯಿಸ್ ಕೋಂಬ್ಸ್ ವೈನ್‌ಬರ್ಗ್, 2008ರಲ್ಲಿ ಉದ್ಯಮಿ ಬ್ರೂಸ್ ಲನ್ಸ್‌ಫರ್ಡ್. ಡೆಮಾಕ್ರಟಿಕ್ ಪಕ್ಷದ ಈ ನಾಲ್ವರೂ ಸೋತರು. ಇವರಲ್ಲಿ ಬೆಶಿಯರ್ ಮಾತ್ರ 2007ರಲ್ಲಿ ಗವರ್ನರ್, ಅಂದರೆ ನಮ್ಮ ಮುಖ್ಯಮಂತ್ರಿ ಥರದ ಹುದ್ದೆಯ ಚುನಾವಣೆ ಗೆದ್ದು ಎಂಟು ವರ್ಷ ಆಳಿದರು. ಮೆಕಾನೆಲ್ ವಿರುದ್ಧ ಅವರದೇ ಪಕ್ಷದ ಪ್ರೈಮರಿಯಲ್ಲಿ 2014ರಲ್ಲಿ ಸೋತ ಮ್ಯಾಟ್ ಬೆವಿನ್, ಮರುವರ್ಷವೇ ಗವರ್ನರ್ ಆದರು. 2019ರಲ್ಲಿ ಬೆವಿನ್ ಅವರನ್ನು ಸೋಲಿಸಿದ್ದು ಬೆಶಿಯರ್ ಮಗ ಆ್ಯಂಡಿ. ಆ ಅಂತರವೂ ಸುಮಾರು 5 ಸಾವಿರ! ಮೆಕಾನೆಲ್ ಕೈಲಿ ಸೋತರೆ ಗವರ್ನರ್ ಆಗುವ ಯೋಗ ಇದೆಯೇನೋ ಅನ್ನಿಸುತ್ತದೆ, ಅಲ್ವಾ?

ಇದು ಬರೀ ತಮಾಷೆಯಲ್ಲ. ಇದೇ ರಾಜ್ಯ ಡೆಮಾಕ್ರಟರನ್ನು ಗವರ್ನರ್ ಮಾಡುತ್ತದೆ, ಸೆನೆಟ್‌ಗೆ ಮಾತ್ರ ಕಳಿಸುವುದಿಲ್ಲ. ಕಳಿಸಿದ್ದು ಕೊನೆಯ ಸಲ 1992ರಲ್ಲಿ, ವೆಂಡೆಲ್ ಫೋರ್ಡ್ ಅವರನ್ನು. ಅಲ್ಲಿ ಮತದಾರರು ಹೆಸರು ನೋಂದಾಯಿಸುವಾಗ ತಮ್ಮ ಪಕ್ಷವನ್ನೂ ಬರೆಸುತ್ತಾರೆ, ಆ ನೋಂದಣಿಯಲ್ಲಿ 2022ರವರೆಗೂ ಡೆಮಾಕ್ರಟರೇ ಹೆಚ್ಚು. ರಾಜ್ಯದ ಕೆಳಮನೆ 2016ರ ಚುನಾವಣೆಯವರೆಗೆ ಅವರ ಕೈಯಲ್ಲೇ ಇತ್ತು. ಪೂರ್ವದ ಗುಡ್ಡಗಾಡಿನ ಎಲಿಯಟ್ ಕೌಂಟಿಯಂತೂ ಎಲ್ಲ ಅಧ್ಯಕ್ಷ ಚುನಾವಣೆಗಳಲ್ಲೂ ಡೆಮಾಕ್ರಟರಿಗೇ ಮತ ಹಾಕುತ್ತಾ ಬಂದು, 2016ರಲ್ಲಿ ಮೊದಲ ಬಾರಿ ಟ್ರಂಪ್ ಕಡೆ ವಾಲಿತು. ಪಟ್ಟಿ ನೋಡಿದವರಿಗೆ ಈ ಸೀಟು ಕೈಗೆಟಕುವಂತೆ ಕಾಣುತ್ತಿತ್ತು. ತಾತನ ಕಾಲದ ನೋಂದಣಿ ಹಾಗೇ ಉಳಿದಿತ್ತು, ಮತ ಯಾವತ್ತೋ ಬೇರೆ ಕಡೆ ಹೋಗಿತ್ತು.

2014ರಲ್ಲಿ ಈ ಲೆಕ್ಕ ನಂಬಿದವರು ಬಹಳ. ಮೊದಲು ನಟಿ ಆ್ಯಶ್ಲಿ ಜಡ್ ಹೆಸರು ಓಡಾಡಿತು, ಅವರು ಬೇಡ ಅಂದರು. ಆಮೇಲೆ ಬಂದವರು ಅಲಿಸನ್ ಲಂಡರ್ಗನ್ ಗ್ರೈಮ್ಸ್. ಯುವತಿ, ರಾಜಕೀಯ ಮನೆತನ, ಒಳ್ಳೆಯ ಮಾತು. ಪಶ್ಚಿಮ ಕೆಂಟಕಿಯ ಫ್ಯಾನ್ಸಿ ಫಾರ್ಮ್ ಎಂಬ ಊರಿನಲ್ಲಿ ಪ್ರತಿ ಆಗಸ್ಟ್‌ನ ಮೊದಲ ಶನಿವಾರ ಚರ್ಚಿನ ಜಾತ್ರೆ ನಡೆಯುತ್ತದೆ. ಕೆಂಡದ ಮೇಲೆ ರಾತ್ರಿಯಿಡೀ ಬೆಂದ ಕುರಿ, ಹಂದಿ ಮಾಂಸ, ಸೆಕೆ, ಅದರ ನಡುವೆ ಒಂದು ವೇದಿಕೆ. ಅಭ್ಯರ್ಥಿ ಮಾತಾಡುತ್ತಿರುವಾಗ ಎದುರು ಪಕ್ಷದವರು ಕೂಗಿ ಗೇಲಿ ಮಾಡುವುದೇ ಅಲ್ಲಿಯ ಪದ್ಧತಿ. ಅಂಥ ಗದ್ದಲದಲ್ಲೂ ಗ್ರೈಮ್ಸ್ ಗಟ್ಟಿಯಾಗಿ ನಿಂತರು. ಆದರೆ ಅಕ್ಟೋಬರ್‌ನಲ್ಲಿ ಒಂದು ಪತ್ರಿಕೆಯ ಸಂಪಾದಕರು ಕೇಳಿದ ಸುಲಭದ ಪ್ರಶ್ನೆಗೆ ಎಡವಿದರು. 'ನೀವು ಒಬಾಮಾಗೆ ಮತ ಹಾಕಿದ್ರಾ?' ಉತ್ತರ ಬರಲಿಲ್ಲ. ತಿರುಗಿ ಕೇಳಿದರೂ ಬರಲಿಲ್ಲ. ಹೌದು ಅಂದರೆ ಗುಡ್ಡಗಾಡು ಕೈಬಿಡುತ್ತದೆ, ಇಲ್ಲ ಅಂದರೆ ಸ್ವಂತ ಪಕ್ಷದವರು ನಗುತ್ತಾರೆ. ಸುಮ್ನೆ ಇದ್ದದ್ದಕ್ಕೆ ಎರಡೂ ಕಡೆಯವರು ನಕ್ಕರು. ಮೆಕಾನೆಲ್ ಶೇಕಡಾ 15 ಅಂಶಗಳ ಅಂತರದಿಂದ ಗೆದ್ದರು.

2020ರದ್ದು ಮಾತ್ರ ನಿಧಾನವಾಗಿ ನೋಡಬೇಕಾದ ಕಥೆ. ಅಷ್ಟರಲ್ಲಿ ಮೆಕಾನೆಲ್ ಬರೀ ಕೆಂಟಕಿಯ ಸೆನೆಟರ್ ಆಗಿ ಉಳಿದಿರಲಿಲ್ಲ. ಸೆನೆಟ್‌ನಲ್ಲಿ ಬಹುಮತವಿದ್ದ ಪಕ್ಷದ ನಾಯಕ. ಒಬಾಮಾ ಸೂಚಿಸಿದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯ ಹೆಸರನ್ನು 2016ರಲ್ಲಿ ಚರ್ಚೆಗೇ ತರದೆ ತಡೆದವರು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ಕೂತವರಿಗೂ ಅವರ ಮೇಲೆ ಸಿಟ್ಟು. ಮೊಬೈಲ್‌ನಲ್ಲಿ ಒಂದು ಗುಂಡಿ ಒತ್ತಿದರೆ ಆ ಸಿಟ್ಟು ಐದೋ ಹತ್ತೋ ಡಾಲರ್ ಆಗಿ ಕೆಂಟಕಿಗೆ ಬರುತ್ತಿತ್ತು.

2019ರ ಜುಲೈನಲ್ಲಿ ಏಮಿ ಮೆಕ್‌ಗ್ರಾತ್ ಡೆಮಾಕ್ರಟಿಕ್ ಪಕ್ಷದಿಂದ ಮೆಕಾನೆಲ್ ಎದುರು ನಿಲ್ಲುತ್ತೇನೆ ಎಂದು ಒಂದು ವಿಡಿಯೊ ಬಿಟ್ಟರು. ನೌಕಾಪಡೆಗೆ ಸೇರಿದ ಮರೀನ್ ಕೋರ್‌ನಲ್ಲಿ ಯುದ್ಧವಿಮಾನ ಹಾರಿಸಿದ್ದ ಅಧಿಕಾರಿ. ಹಿಂದಿನ ವರ್ಷವಷ್ಟೇ ಸಂಸತ್ತಿನ ಕೆಳಮನೆ ಚುನಾವಣೆಯಲ್ಲಿ ಸೋತಿದ್ದರು. ಹುಡುಗಿಯಾಗಿದ್ದಾಗ ಯುದ್ಧವಿಮಾನ ಹಾರಿಸುವ ಆಸೆ ಹೇಳಿಕೊಂಡು ತಮ್ಮ ಸೆನೆಟರ್‌ಗೆ ಕಾಗದ ಬರೆದಿದ್ದೆ, ಅವರು ಉತ್ತರ ಬರೆಯಲೇ ಇಲ್ಲ ಎಂದರು. ಆ ಸೆನೆಟರ್ ಮೆಕಾನೆಲ್. ಒಂದೇ ದಿನದಲ್ಲಿ 25 ಲಕ್ಷ ಡಾಲರ್ ಬಂತು. ಅದೇ ವಾರ ಇನ್ನೊಂದು ಪ್ರಶ್ನೆ ಬಂತು. ಟ್ರಂಪ್ ಸೂಚಿಸಿದ್ದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕ್ಯಾವನಾ ನೇಮಕಕ್ಕೆ ನೀವಾಗಿದ್ದರೆ ಮತ ಹಾಕುತ್ತಿದ್ದಿರಾ? ಬಹುಶಃ ಹಾಕುತ್ತಿದ್ದೆ ಎಂದರು. ಸಂಜೆಯೊಳಗೆ ಇಲ್ಲ, ಹಾಕುತ್ತಿರಲಿಲ್ಲ ಎಂದರು. ಗ್ರೈಮ್ಸ್ ಎಡವಿದ ಅದೇ ಕಲ್ಲು. ಆದರೂ ಪಕ್ಷದ ಸಮಿತಿ ಇವರ ಬೆನ್ನಿಗೇ ನಿಂತಿತು. ದುಡ್ಡು ತರುವವರೇ ಒಳ್ಳೆಯ ಅಭ್ಯರ್ಥಿ ಅನ್ನುವ ರೂಢಿ ಒಬ್ಬರು ಮಾಡಿದ್ದಲ್ಲ, ವರ್ಷಗಳಿಂದ ಬೆಳೆದು ಬಂದದ್ದು.

ಆಮೇಲೆ ಕಥೆ ತಿರುಗಿತು. ಲೂಯಿವಿಲ್‌ನಲ್ಲಿ 2020ರ ಮಾರ್ಚ್‌ನಲ್ಲಿ ಬ್ರಿಯಾನಾ ಟೇಲರ್ ಎಂಬ ಕಪ್ಪು ಯುವತಿ ತನ್ನ ಮನೆಯಲ್ಲೇ ಪೊಲೀಸರ ಗುಂಡಿಗೆ ಬಲಿಯಾದಳು. ಬೀದಿಗಿಳಿದವರ ಜೊತೆ ಅದೇ ಊರಿನ ಬಡ ಬಡಾವಣೆಯಲ್ಲಿ ಬೆಳೆದ ಶಾಸಕ ಚಾರ್ಲ್ಸ್ ಬೂಕರ್ ಇದ್ದರು. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮೆಕ್‌ಗ್ರಾತ್ ಎದುರು ಅವರೂ ನಿಂತಿದ್ದರು, ಅದಕ್ಕೆ ಕೆಲವೇ ವಾರ ಇರುವಾಗ ಅವರ ಗಾಳಿ ಎದ್ದಿತು. ಜೂನ್ 23ರಂದು ಕೋವಿಡ್ ಕಾರಣಕ್ಕೆ ಇಡೀ ಲೂಯಿವಿಲ್‌ಗೆ ಒಂದೇ ಮತಗಟ್ಟೆ, ವಸ್ತುಪ್ರದರ್ಶನದ ದೊಡ್ಡ ಸಭಾಂಗಣದಲ್ಲಿ. ಸಂಜೆ ಆರಕ್ಕೆ ಬಾಗಿಲು ಮುಚ್ಚಿದರು. ಹೊರಗುಳಿದವರು ಗಾಜಿನ ಬಾಗಿಲು ಬಡಿದರು, ಕೂಗಿದರು. ಬೂಕರ್ ಕಡೆಯವರು ಕೋರ್ಟಿಗೆ ಹೋದ ಮೇಲೆ ನ್ಯಾಯಾಧೀಶರು ಆರೂವರೆಯವರೆಗೆ ತೆರೆಸಿದರು. ಆದರೆ ಗಾಳಿ ಏಳುವ ಮೊದಲೇ ಅನೇಕರು ಅಂಚೆಯಲ್ಲಿ ಮತ ಕಳಿಸಿಯಾಗಿತ್ತು. ಒಂದು ವಾರ ಎಣಿಸಿದ ಮೇಲೆ ಮೆಕ್‌ಗ್ರಾತ್ ಸುಮಾರು 15 ಸಾವಿರ ಮತಗಳಿಂದ ಗೆದ್ದರು.

ನವೆಂಬರ್‌ನಲ್ಲಿ ಅವರಿಗೆ ಬಂದದ್ದು ಶೇ 38. ಮೆಕಾನೆಲ್‌ಗೆ ಶೇ 58. ಮೆಕ್‌ಗ್ರಾತ್ ಎತ್ತಿದ್ದ ದುಡ್ಡು 9 ಕೋಟಿ ಡಾಲರ್‌ಗೂ ಹೆಚ್ಚು, ಮೆಕಾನೆಲ್‌ಗಿಂತಲೂ ಜಾಸ್ತಿ. ಟಿವಿ ತುಂಬ ಜಾಹೀರಾತು ಬಂತು. ಹಳ್ಳಿಗಳಲ್ಲಿ ಪಕ್ಷ ಮೊದಲು ಎಷ್ಟು ತೆಳುವಾಗಿತ್ತೋ ಅಷ್ಟೇ ಉಳಿಯಿತು.

ಬೂಕರ್ ನಿಂತಿದ್ದರೆ ಬೇರೆಯಾಗುತ್ತಿತ್ತು ಎಂದು ತುಂಬ ಜನ ಅಂದರು. ನನಗೂ ಒಂದು ಕಾಲಕ್ಕೆ ಹಾಗೇ ಅನ್ನಿಸಿತ್ತು. 2022ರಲ್ಲಿ ಬೂಕರ್ ರಾಜ್ಯದ ಇನ್ನೊಬ್ಬ ಸೆನೆಟರ್ ರ‍್ಯಾಂಡ್ ಪಾಲ್ ಎದುರು ನಿಂತರು, ಮೆಕ್‌ಗ್ರಾತ್ ದುಡ್ಡಿನ ಸಣ್ಣ ಪಾಲು ಮಾತ್ರ ಖರ್ಚು ಮಾಡಿ. ಬಂದದ್ದು ಶೇ 38.

2026ರದ್ದು ಮೆಕಾನೆಲ್ ಇಲ್ಲದ ಕಣ. ರಿಪಬ್ಲಿಕನ್ ಕಡೆಯಿಂದ 2025ರಲ್ಲೇ ಆ್ಯಂಡಿ ಬಾರ್, ಡ್ಯಾನಿಯಲ್ ಕ್ಯಾಮರಾನ್, ನೇಟ್ ಮಾರಿಸ್ ಇಳಿದರು. ಕ್ಯಾಮರಾನ್ ಒಂದು ಕಾಲಕ್ಕೆ ಮೆಕಾನೆಲ್ ಅವರ ಕಾನೂನು ಸಲಹೆಗಾರರಾಗಿದ್ದವರು. ಟ್ರಂಪ್ ಮತದಾರರ ಮುಂದೆ ಅದು ಹೇಳಿಕೊಳ್ಳುವಂಥ ಅರ್ಹತೆಯಾಗಿರಲಿಲ್ಲ. ಡೆಮಾಕ್ರಟರು ಗವರ್ನರ್ ಆ್ಯಂಡಿ ಬೆಶಿಯರ್ ಕಡೆ ನೋಡಿದರು. ಅವರು ಒಲ್ಲೆ ಅಂದರು. 2025ರ ಅಕ್ಟೋಬರ್‌ನಲ್ಲಿ ಮೆಕ್‌ಗ್ರಾತ್ ಮತ್ತೆ ಹೊಸ ವಿಡಿಯೊ ಬಿಟ್ಟರು.