ಟೆಲಿಪ್ರಿಂಟರ್ ಬಿಟ್ಟುಹೋದ ಅಕ್ಷರಗಳು

ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟ್ ಲಿನಕ್ಸ್ ಸರ್ವರ್‌ನಲ್ಲಿ ಓಡುವುದಿಲ್ಲ. ಸಾಲು ಸಾಲಾಗಿ ನೋಡಿದರೂ ತಪ್ಪು ಸಿಗುವುದಿಲ್ಲ. ಎಷ್ಟೋ ಸಲ ಇದಕ್ಕೆ ಕಾರಣ ಪ್ರತಿ ಸಾಲಿನ ಕೊನೆಗೆ ಕಾಣದಂತೆ ಕೂತಿರುವ ಕ್ಯಾರೇಜ್ ರಿಟರ್ನ್.

ಹೆಸರೇ ಹೇಳುವಂತೆ ಅದು ತಂತಿಯಲ್ಲಿ ಬಂದ ಸಂದೇಶವನ್ನು ಕಾಗದದ ಮೇಲೆ ಅಚ್ಚು ಹಾಕುತ್ತಿದ್ದ ಟೆಲಿಪ್ರಿಂಟರ್ ಯಂತ್ರದ ಕಾಲದ್ದು. 1963ರಲ್ಲಿ ಅಮೆರಿಕದಲ್ಲಿ ಶುರುವಾದ, ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯ 128 ಸಂಕೇತಗಳಲ್ಲಿ 33 ಅಕ್ಷರಗಳೇ ಅಲ್ಲ, ಯಂತ್ರಕ್ಕೆ ಕೊಡುವ ಅಪ್ಪಣೆಗಳು. 13 ಎಂದರೆ ಅಚ್ಚಿನ ತಲೆ ಎಡತುದಿಗೆ ಹೋಗಬೇಕು. 10 ಎಂದರೆ ಕಾಗದ ಒಂದು ಸಾಲು ಮೇಲೇರಬೇಕು. 7 ಬಂದರೆ ಗಂಟೆ ಬಾರಿಸಬೇಕು. ನನಗೆ ಇಷ್ಟವಾದದ್ದು 127. ಕಾಗದದ ಪಟ್ಟಿಯಲ್ಲಿ ಹೊಡೆದ ತೂತು ಮುಚ್ಚೋಕಾಗಲ್ಲ, ಅಲ್ವಾ? ಅದಕ್ಕೇ ತಪ್ಪಾದ ಕಡೆ ಏಳೂ ತೂತು ಹೊಡೆದುಬಿಡುತ್ತಿದ್ದರು. ಅದೇ ಡಿಲೀಟ್.

ಯಂತ್ರ ಹೋದರೂ ಅಪ್ಪಣೆಗಳು ಉಳಿದವು. ಸಾಲು ಮುಗಿಸಲು ಯುನಿಕ್ಸ್ 10 ಒಂದೇ ಸಾಕೆಂದಿತು, ಹಳೆಯ ಮ್ಯಾಕ್ 13 ಹಿಡಿಯಿತು, ವಿಂಡೋಸ್ ಎರಡನ್ನೂ ಇಟ್ಟುಕೊಂಡಿತು. ವಿಂಡೋಸ್‌ನ ನೋಟ್‌ಪ್ಯಾಡ್‌ಗೆ ಯುನಿಕ್ಸ್ ಸಾಲು ಅರ್ಥವಾಗಿದ್ದು 2018ರಲ್ಲಿ! ಸಾಲಿನ ಕೊನೆಯ ಈ ತೊಂದರೆ ಸರಿಮಾಡುವುದು ಸುಲಭ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಎಡಿಟರ್‌ನಲ್ಲಿ 'ಶೋ ಆಲ್ ಕ್ಯಾರೆಕ್ಟರ್ಸ್' ಒತ್ತಿದರೆ ಸಾಲಿನ ಕೊನೆ ಕಾಣುತ್ತದೆ. ವಿಎಸ್ ಕೋಡ್ ಎಂಬ ಇನ್ನೊಂದು ಎಡಿಟರ್‌ನಲ್ಲಿ ಕೆಳಗಿನ ಪಟ್ಟಿಯಲ್ಲೇ ಬದಲಿಸಬಹುದು.

ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಬಂದಮೇಲೆ ಕಾಣದವರ ಬಳಗ ಬೆಳೆಯಿತು. ಅರಬ್ಬಿ, ಹೀಬ್ರೂ ಬರಹಕ್ಕಾಗಿ ದಿಕ್ಕು ತಿರುಗಿಸುವ ಸಂಕೇತಗಳು ಬಂದವು. ಅವನ್ನು ಕೋಡ್‌ನಲ್ಲಿ ಬಚ್ಚಿಟ್ಟರೆ ಓದುವವರಿಗೆ ಒಂದು, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಇನ್ನೊಂದು ಕಾಣುವಂತೆ ಮಾಡಬಹುದು ಎಂದು 2021ರಲ್ಲಿ ಕೇಂಬ್ರಿಡ್ಜ್‌ನ ನಿಕೊಲಸ್ ಬೌಚರ್ ಮತ್ತು ರಾಸ್ ಆ್ಯಂಡರ್ಸನ್ ತೋರಿಸಿದರು. ಆಮೇಲೆ ವಿಎಸ್ ಕೋಡ್ ಇಂಥವನ್ನು ಎತ್ತಿ ತೋರಿಸತೊಡಗಿತು.

ಹಾಗಂತ ಸಿಕ್ಕಿದ್ದನ್ನೆಲ್ಲ ಗುಡಿಸಬಾರದು, ಕನ್ನಡದ ಫೈಲಿನಲ್ಲಂತೂ ಬೇಡವೇ ಬೇಡ. ಆಸ್ಕಿ ಅಲ್ಲದ್ದೆಲ್ಲ ತೆಗೆಯಿರಿ ಎಂಬ ಸಲಹೆ ಕೇಳಿದರೆ ಕನ್ನಡವೇ ಹೋಗುತ್ತದೆ ಬಿಡಿ! ವೆಬ್‌ಪುಟದಿಂದ ಕಾಪಿ ಮಾಡುವಾಗ ಅಂಟಿಕೊಂಡು ಬರುವ ಅಗಲವಿಲ್ಲದ ಸ್ಪೇಸ್‌ನ ಯೂನಿಕೋಡ್ ಸಂಖ್ಯೆ 200ಬಿ. ಕನ್ನಡಕ್ಕೆ ಅದು ಬೇಡ. ಆದರೆ ಅಕ್ಷರಗಳು ಹೇಗೆ ಕೂಡಬೇಕೆಂದು ಹೇಳುವ ಪಕ್ಕದ 200ಸಿ ಮತ್ತು 200ಡಿ ನಮಗೆ ಬೇಕು. 200ಸಿ ತೆಗೆದರೆ 'ಸಾಫ್ಟ್‌ವೇರ್' ಎಂಬುದು 'ಸಾಫ್ಟ್ವೇರ್' ಆಗುತ್ತದೆ. 200ಡಿ ಹೋದರೆ 'ರ‍್ಯಾಂಕ್' ಎಂಬುದು 'ರ್ಯಾಂಕ್' ಆಗಿ ಅರ್ಕಾವತ್ತು ಬಂದು ಕೂರುತ್ತದೆ.

ಹಾಗಾಗಿ ಫೈಂಡ್-ರಿಪ್ಲೇಸ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಆಯ್ಕೆ ಆನ್ ಮಾಡಿ, 200ಬಿ ಒಂದನ್ನೇ ಹುಡುಕಿ ಅಳಿಸಿ. ಮೂರನ್ನೂ ಒಟ್ಟಿಗೆ ಅಳಿಸಿ ಸೇವ್ ಮಾಡಿದರೆ, ಬ್ಯಾಕಪ್ ಇಲ್ಲದವರು ಪ್ರತಿ 'ಸಾಫ್ಟ್ವೇರ್' ಅನ್ನೂ ಕೈಯಿಂದಲೇ ಬಿಡಿಸಬೇಕಾಗುತ್ತದೆ.