ಬಂಡೆಗುಡ್ಡದ ಕರಡಿ ಊರಂಚಿಗೆ ಬಂದ ಬಗೆ

ಕೊಪ್ಪಳ, ಗಂಗಾವತಿ, ಸಂಡೂರು, ಕಂಪ್ಲಿ ಭಾಗದ ಹಳ್ಳಿಗಳಲ್ಲಿ ಕರಡಿ ಕಾಣಿಸಿಕೊಂಡಾಗಲೆಲ್ಲ ಅದನ್ನು ಹಿಡಿದು ದೂರ ಸಾಗಿಸಬೇಕೆಂಬ ಬೇಡಿಕೆ ಏಳುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೋಗಬೇಕಾದವರ ಭಯ ನ್ಯಾಯವಾದದ್ದೇ. ಆದರೆ ಕರಡಿ ಇಲ್ಲಿಗೆ ಹೊಸದಾಗಿ ಬಂದುದಲ್ಲ.

ಆನೆಗೊಂದಿ, ಹಂಪಿಗಳಿಂದ ದರೋಜಿಯವರೆಗೆ ಹಬ್ಬಿರುವ ಗ್ರಾನೈಟ್ ಗುಡ್ಡಗಳ ಗವಿಗಳು ಅದರ ಹಳೆಯ ನೆಲೆ. ಹಗಲೆಲ್ಲ ಅಲ್ಲಿ ಮಲಗಿ, ಹೊತ್ತು ಇಳಿದ ಮೇಲೆ ಗೆದ್ದಲು, ಇರುವೆ, ಜೇನು, ಕವಳೆ, ಬಾರೆ ಹಣ್ಣುಗಳನ್ನು ಅರಸಿ ಹೊರಡುತ್ತದೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಬಳಿಕ ಕುರುಚಲು ಬಯಲುಗಳು ಗದ್ದೆಗಳಾದವು. 1972ರ ಕಾಯ್ದೆ ವನ್ಯಜೀವಿಗಳ ಬೇಟೆಗೆ ತಡೆಯೊಡ್ಡಿತು. 1994ರಲ್ಲಿ ದರೋಜಿ ಕರಡಿಧಾಮ ಘೋಷಣೆಯಾಯಿತು. ನದಿಯ ಎಡದಂಡೆಯ ಕೊಪ್ಪಳದ ಗುಡ್ಡಗಳು ಈ ಧಾಮದ ಗಡಿಯ ಹೊರಗಿವೆ.

ಅಲ್ಲಿಂದೀಚಿನ ಬದಲಾವಣೆಯೇ ಇಂದಿನ ತೊಡಕಿನ ಬೇರು. ಗುಡ್ಡದ ಬುಡದವರೆಗೂ ಕೊಳವೆಬಾವಿ ನೀರು ತಲುಪಿ, ಮೆಕ್ಕೆಜೋಳ, ಶೇಂಗಾ, ಹಣ್ಣಿನ ತೋಟಗಳು ಗವಿಯ ಬಾಗಿಲಿಗೇ ಬಂದವು. ಕಲ್ಲು ಕ್ವಾರಿಗಳು ತೆರೆದ ಕಡೆ ಬಂಡೆಗಳ ಸಂದುಗಳೇ ಇಲ್ಲವಾದವು. ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋಗುವ ಕರಡಿ ಈಗ ಹೊಲ, ರಸ್ತೆ, ಹೊಸ ಬಡಾವಣೆಗಳನ್ನು ದಾಟಲೇಬೇಕು. ದಾರಿಯಲ್ಲಿ ತೆನೆಗಟ್ಟಿದ ಬೆಳೆಯೋ ಬಯಲಲ್ಲಿ ಸುರಿದ ಉಳಿಕೆ ಅನ್ನವೋ ಸಿಕ್ಕರೆ ಮರುದಿನವೂ ಅಲ್ಲಿಗೇ ಬರುತ್ತದೆ. ಗುಡ್ಡದ ಗುಡಿಗಳಿಗೆ ನುಗ್ಗಿ ದೀಪದ ಎಣ್ಣೆ ಕುಡಿದು, ತೆಂಗಿನಕಾಯಿ ತಿಂದು ಹೋಗುವುದು ಇಲ್ಲಿನವರಿಗೆಲ್ಲ ಗೊತ್ತಿರುವ ಸಂಗತಿ. ಕರಡಿಧಾಮದಲ್ಲೂ ವೀಕ್ಷಣಾ ಗೋಪುರದ ಎದುರಿನ ಬಂಡೆಗಳಿಗೆ ಬೆಲ್ಲ ಬೆರೆಸಿದ ತಿನಿಸು ಬಳಿದು ಅದನ್ನು ಕರೆತರುವ ರೂಢಿ ಬೆಳೆಯಿತು. ಪ್ರವಾಸಿಗರಿಗೆ ಅದು ಸಂತಸ ಕೊಟ್ಟಿದೆ, ನಿಜ. ಆದರೆ ಮನುಷ್ಯನ ವಾಸನೆಯಿರುವಲ್ಲಿ ಸಿಹಿಯೂ ಇರುತ್ತದೆಂಬ ಪಾಠ ಕರಡಿಗೆ ಸಿಗುವುದು ಒಳ್ಳೆಯದಲ್ಲ.

ದಾಳಿಗಳನ್ನು ಅರ್ಥಮಾಡಿಕೊಳ್ಳಲು ಅದರ ಇಂದ್ರಿಯಗಳನ್ನು ತಿಳಿಯಬೇಕು. ಮೂಗು ಬಲು ಚುರುಕು, ಕಣ್ಣು ಮಂದ. ಗೆದ್ದಲು ಹೀರುವುದರಲ್ಲಿ ಮುಳುಗಿದ್ದಾಗ ಸಪ್ಪಳವಿಲ್ಲದೆ ಹತ್ತಿರ ಬಂದವರು ಗಮನಕ್ಕೇ ಬರುವುದಿಲ್ಲ; ಥಟ್ಟನೆ ಎದುರಾದಾಗ ಓಡುವ ಬದಲು ಮೇಲೆರಗುತ್ತದೆ. ಬೆನ್ನ ಮೇಲೆ ಮರಿ ಹೊತ್ತ ತಾಯಿಯಾದರೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಕತ್ತಲಲ್ಲಿ ಬಹಿರ್ದೆಸೆಗೋ ನೀರು ಹಾಯಿಸಲೋ ಒಬ್ಬರೇ ಹೋಗದೆ, ಟಾರ್ಚ್ ಹಿಡಿದು, ಜೋರಾಗಿ ಮಾತಾಡುತ್ತ ಜೊತೆಯಾಗಿ ಹೋಗುವುದು ನಿಜಕ್ಕೂ ಜೀವ ಉಳಿಸುವ ಕ್ರಮ. ಶೌಚಾಲಯ ಮನೆಯ ಬಳಿಯೇ ಇರುವುದು, ಹಗಲು ಹೊತ್ತು ಪಂಪ್‌ಸೆಟ್‌ಗೆ ವಿದ್ಯುತ್ ಸಿಗುವುದು ಕೂಡ ಕರಡಿಯಿಂದ ರಕ್ಷಣೆಯೇ.

ಮನೆಯ ಸುತ್ತಲ ಪೊದೆ ಸವರಿ, ಕಸಕ್ಕೆ ಮುಚ್ಚಳ ಹಾಕಿ, ರಾತ್ರಿ ಗುಡಿಯ ಎಣ್ಣೆ ತೆಗೆದಿಟ್ಟರೆ ಬರುವ ಕಾರಣವೇ ಕಡಿಮೆಯಾಗುತ್ತದೆ. ಹಿಡಿದು ಸಾಗಿಸಿದ ಕರಡಿ ಮರಳಿ ಬರಬಹುದು, ಇಲ್ಲವೇ ತೆರವಾದ ಗವಿಗೆ ಮತ್ತೊಂದು ಸೇರಬಹುದು. ಹೊಲದ ಸುತ್ತ ಕ್ಷಣಮಾತ್ರ ಕಚ್ಚುವ ಸೋಲಾರ್ ಬೇಲಿಗೆ ಅವಕಾಶವಿದೆ. ಕಂಬದಿಂದ ನೇರ ಕರೆಂಟು ಎಳೆದ ತಂತಿ ಕಾನೂನುಬಾಹಿರ, ಅದು ಕರಡಿಯನ್ನಷ್ಟೇ ಅಲ್ಲ, ದನವನ್ನೂ ಹೊಲದೊಡೆಯನನ್ನೂ ಕೊಲ್ಲುತ್ತದೆ. ಊರೊಳಗೆ ಹಗಲಲ್ಲಿ ಕರಡಿ ಸಿಕ್ಕಿಬಿದ್ದರೆ ಕಲ್ಲೆಸೆದು ಅಟ್ಟದೆ, ಜನರನ್ನು ದೂರ ಸರಿಸಿ, ಗುಡ್ಡದ ಕಡೆಯ ದಾರಿ ತೆರವು ಮಾಡಿ, ಅರಣ್ಯ ಸಿಬ್ಬಂದಿ ಬರುವವರೆಗೆ ಕಾಯಬೇಕು.